ಇಸಿಯುಗೆ ವೋಲ್ಟಿನ ಅರ್ಥ ಹೇಳುವ ಬಗೆ: ಅನಲಾಗ್ ಸೆನ್ಸರ್‌ಗಳ ಹೊಂದಾಣಿಕೆ

ಇಂದಿನ ಕಾರು, ಬೈಕುಗಳಲ್ಲಿ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಕೊಡಬೇಕು, ಸ್ಪಾರ್ಕ್ ಯಾವ ಕ್ಷಣದಲ್ಲಿ ಹಾರಬೇಕು ಎಂಬುದನ್ನು ನಿರ್ಧರಿಸುವುದು ಒಂದು ಪುಟ್ಟ ಕಂಪ್ಯೂಟರ್. ಎಂಜಿನ್ ಕಂಟ್ರೋಲ್ ಯೂನಿಟ್ ಎಂಬ ಹೆಸರಿನ ಈ ಪೆಟ್ಟಿಗೆಯನ್ನು ಚುಟುಕಾಗಿ ಇಸಿಯು ಎಂದು ಕರೆಯುವುದು ರೂಢಿ. ಅದಕ್ಕೆ ಶಾಖದ ಅರಿವಿಲ್ಲ, ಗಾಳಿಯ ಒತ್ತಡದ ಅನುಭವವಿಲ್ಲ, ಚಾಲಕನ ಪಾದ ಎಷ್ಟು ಕೆಳಗಿಳಿದಿದೆ ಎಂಬುದೂ ಕಾಣಿಸುವುದಿಲ್ಲ. ಸೆನ್ಸರ್‌ಗಳ ತಂತಿಯಲ್ಲಿ ಅದರ ಬಳಿಗೆ ಬರುವುದು ಸೊನ್ನೆಯಿಂದ ಐದು ವೋಲ್ಟ್‌ವರೆಗಿನ ವಿದ್ಯುತ್ ಮಟ್ಟ ಮಾತ್ರ. 1.62 ವೋಲ್ಟ್ ಎಂದರೆ ಎಷ್ಟು ಒತ್ತಡ, 2.5 ವೋಲ್ಟ್ ಎಂದರೆ ಎಷ್ಟು ಉಷ್ಣತೆ ಎಂಬುದನ್ನು ಯಾರಾದರೊಬ್ಬರು ಮೊದಲೇ ಅದರ ಸ್ಮೃತಿಯಲ್ಲಿ ಬರೆದಿಟ್ಟಿರಬೇಕು. ಈ ಕೆಲಸಕ್ಕೇ ಅನಲಾಗ್ ಇನ್‌ಪುಟ್‌ಗಳ ಹೊಂದಾಣಿಕೆ ಎಂದು ಹೆಸರು.

ಬರೆದಿಟ್ಟ ಅರ್ಥ ತಪ್ಪಾಗಿದ್ದರೂ ಇಸಿಯು ಬಹುತೇಕ ಸಂದರ್ಭಗಳಲ್ಲಿ ಸಂಶಯ ಪಡುವುದಿಲ್ಲ. ತಪ್ಪು ಅಂಕಿಯನ್ನೇ ನಂಬಿ, ಅದಕ್ಕೆ ತಕ್ಕಂತೆ ಅಷ್ಟೇ ನಿಖರವಾಗಿ ತಪ್ಪು ಪ್ರಮಾಣದ ಇಂಧನ ನೀಡುತ್ತದೆ. ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಆಗದಿರುವುದು ಇದರ ಸಣ್ಣ ಪರಿಣಾಮ. ಪಿಸ್ಟನ್ ಕರಗಿ ತೂತಾಗುವುದು ದೊಡ್ಡ ಪರಿಣಾಮ. ಆದ್ದರಿಂದ ಪರದೆಯ ಮೇಲೆ ಕಾಣುವ ಅಂಕಿಯನ್ನು ಹೊರಗಿನ ಲೋಕದ ತಿಳಿದ ಅಳತೆಯೊಂದಿಗೆ ತಾಳೆ ನೋಡದೆ ಎಂಜಿನ್ ಓಡಿಸಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ.

ಹಿನ್ನೆಲೆ

ಎಲೆಕ್ಟ್ರಾನಿಕ್ ಇಂಧನ ಚಿಮ್ಮುಗೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು 1967ರಲ್ಲಿ. ಜರ್ಮನಿಯ ಬಾಷ್ ಕಂಪೆನಿಯ ಡಿ-ಜೆಟ್ರಾನಿಕ್ ವ್ಯವಸ್ಥೆಯನ್ನು ಆಗ ಫೋಕ್ಸ್‌ವ್ಯಾಗನ್ 1600 ಕಾರಿಗೆ ಅಳವಡಿಸಲಾಯಿತು. ಇಂಧನ ಮತ್ತು ಸ್ಪಾರ್ಕ್ ಎರಡನ್ನೂ ಒಂದೇ ಡಿಜಿಟಲ್ ಕಂಪ್ಯೂಟರಿನ ಅಧೀನಕ್ಕೆ ತಂದ ಮೋಟ್ರಾನಿಕ್ ವ್ಯವಸ್ಥೆ 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನೊಂದಿಗೆ ಬಂದಿತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಹೊರಸೂಸುವಿಕೆ ನಿಯಮ ಜಾರಿಯಾದ ನಂತರ ದ್ವಿಚಕ್ರ ವಾಹನಗಳಲ್ಲೂ ಬಹುಪಾಲು ಕಾರ್ಬ್ಯುರೇಟರಿನ ಸ್ಥಾನವನ್ನು ಇಸಿಯು ಮತ್ತು ಸೆನ್ಸರ್‌ಗಳು ಆಕ್ರಮಿಸಿಕೊಂಡಿವೆ.

ಕಾರ್ಖಾನೆಯಿಂದ ಬರುವ ವಾಹನದಲ್ಲಿ ಸೆನ್ಸರ್‌ಗಳ ಅರ್ಥವನ್ನು ತಯಾರಕರೇ ಬರೆದಿರುತ್ತಾರೆ. ಮಾಲೀಕರು ಅದನ್ನು ಮುಟ್ಟಬೇಕಾಗಿಲ್ಲ. ರೇಸಿನ ಕಾರು, ಕಾಲೇಜು ವಿದ್ಯಾರ್ಥಿಗಳು ಸ್ಪರ್ಧೆಗಾಗಿ ಕಟ್ಟುವ ವಾಹನ, ಎಂಜಿನ್ ಪ್ರಯೋಗಶಾಲೆ ಇಂತಹ ಕಡೆಗಳಲ್ಲಿ ಮಾತ್ರ ಬಳಕೆದಾರರೇ ಹೊಂದಿಸಿಕೊಳ್ಳುವ ಇಸಿಯುಗಳು ಬಳಕೆಯಲ್ಲಿವೆ. ಮೆಗಾಸ್ಕ್ವರ್ಟ್, ಸ್ಪೀಡುಯಿನೋ ಇವು ಆ ಪೈಕಿ ಹೆಸರುವಾಸಿಯಾದವು. ಆರ್ಡುಯಿನೋ ಮೆಗಾ ಎಂಬ ಅಗ್ಗದ ಬೋರ್ಡಿನ ಮೇಲೆ ಕಟ್ಟಲಾದ ಸ್ಪೀಡುಯಿನೋದ ನಕ್ಷೆ ಮತ್ತು ತಂತ್ರಾಂಶಗಳೆರಡೂ ಮುಕ್ತವಾಗಿರುವುದರಿಂದ ಒಳಗಿನ ಕಾರ್ಯವಿಧಾನ ಅರಿಯಲು ಅದು ಅನುಕೂಲ. ಇಲ್ಲಿನ ಲೆಕ್ಕಗಳಿಗೂ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ.

ವೋಲ್ಟಿನಿಂದ ಅಂಕಿಗೆ

ಅನಲಾಗ್ ಎಂದರೆ ಮೆಟ್ಟಿಲುಗಳಿಲ್ಲದೆ ಎಡೆಬಿಡದೆ ಏರಿಳಿಯುವ ಸಂಕೇತ. ಕಂಪ್ಯೂಟರಿಗೆ ಬೇಕಾದದ್ದು ಅಂಕಿ. ಎರಡರ ನಡುವೆ ನಿಂತು ಪರಿವರ್ತಿಸುವ ಭಾಗಕ್ಕೆ ಅನಲಾಗ್-ಡಿಜಿಟಲ್ ಪರಿವರ್ತಕ ಎನ್ನುತ್ತಾರೆ. ಆರ್ಡುಯಿನೋ ಮೆಗಾದಲ್ಲಿರುವುದು 10 ಬಿಟ್‌ಗಳ ಪರಿವರ್ತಕ. ಅದು ಐದು ವೋಲ್ಟನ್ನು 1,024 ಮೆಟ್ಟಿಲುಗಳಾಗಿ ಹಂಚುತ್ತದೆ. ಒಂದು ಮೆಟ್ಟಿಲಿನ ಎತ್ತರ ಸುಮಾರು 4.9 ಮಿಲಿವೋಲ್ಟ್. ಸೊನ್ನೆ ವೋಲ್ಟಿಗೆ 0, ಐದು ವೋಲ್ಟಿಗೆ 1,023, ಎರಡೂವರೆ ವೋಲ್ಟಿಗೆ ಸುಮಾರು 512 ಎಂಬ ಅಂಕಿ ದೊರೆಯುತ್ತದೆ.

ಇಲ್ಲೊಂದು ಜಾಣ ಉಪಾಯವಿದೆ. ಸೆನ್ಸರ್‌ಗೆ ವಿದ್ಯುತ್ ಒದಗಿಸುವ ಐದು ವೋಲ್ಟನ್ನೇ ಪರಿವರ್ತಕವೂ ತನ್ನ ಅಳತೆಗೋಲಾಗಿ ಬಳಸುತ್ತದೆ. ಆ ಪೂರೈಕೆ 4.9 ವೋಲ್ಟಿಗೆ ಕುಸಿದರೆ ಸೆನ್ಸರ್ ಸಂಕೇತವೂ ಅಳತೆಗೋಲೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ದೊರೆಯುವ ಅಂಕಿ ಬದಲಾಗುವುದಿಲ್ಲ. ಆದ್ದರಿಂದಲೇ ಥ್ರಾಟಲ್, ಒತ್ತಡ ಮತ್ತು ಉಷ್ಣತೆಯ ಸೆನ್ಸರ್‌ಗಳಿಗೆ ಇಸಿಯುವಿನ ಸ್ವಂತ ಐದು ವೋಲ್ಟನ್ನೇ ಕೊಡಬೇಕು. ಬೇರೊಂದು ಕಡೆಯಿಂದ ವಿದ್ಯುತ್ ತಂದರೆ ಈ ರಕ್ಷಣೆ ತಪ್ಪಿಹೋಗುತ್ತದೆ.

ಉಷ್ಣತೆಯ ಸೆನ್ಸರ್

ಕೂಲಂಟ್ ಮತ್ತು ಒಳಬರುವ ಗಾಳಿಯ ಉಷ್ಣತೆ ಅಳೆಯಲು ಬಳಸುವುದು ಥರ್ಮಿಸ್ಟರ್. ಬಿಸಿಯಾದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ, ಅದೂ ನೇರ ಗೆರೆಯಲ್ಲಲ್ಲ, ಬಾಗಿದ ಗೆರೆಯಲ್ಲಿ. ಬಾಷ್ ಮಾದರಿಯ ಸಾಮಾನ್ಯ ಸೆನ್ಸರ್ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5,900 ಓಮ್, 20 ಡಿಗ್ರಿಯಲ್ಲಿ 2,500 ಓಮ್, 80 ಡಿಗ್ರಿಯಲ್ಲಿ 323 ಓಮ್, 100 ಡಿಗ್ರಿಯಲ್ಲಿ 187 ಓಮ್ ರೋಧ ತೋರಿಸುತ್ತದೆ. ಜನರಲ್ ಮೋಟಾರ್ಸ್ ಮಾದರಿಯದು 20 ಡಿಗ್ರಿಯಲ್ಲಿ ಸುಮಾರು 3,500 ಓಮ್. ನೋಡಲು ಎರಡೂ ಒಂದೇ ತೆರನಾದ ಹಿತ್ತಾಳೆಯ ತುಂಡುಗಳು. ಅರ್ಥ ಮಾತ್ರ ಬೇರೆ ಬೇರೆ.

ಇಸಿಯು ರೋಧವನ್ನು ನೇರವಾಗಿ ಅಳೆಯಲಾರದು. ಅದಕ್ಕಾಗಿ ಬೋರ್ಡಿನೊಳಗೆ ಐದು ವೋಲ್ಟಿಗೂ ಸೆನ್ಸರ್ ತಂತಿಗೂ ನಡುವೆ ಪುಲ್-ಅಪ್ ಎಂಬ ಸ್ಥಿರ ರೆಸಿಸ್ಟರ್ ಇರುತ್ತದೆ. ಸ್ಪೀಡುಯಿನೋ, ಮೆಗಾಸ್ಕ್ವರ್ಟ್‌ಗಳಲ್ಲಿ ಇದರ ಬೆಲೆ 2,490 ಓಮ್. ಪುಲ್-ಅಪ್ ಮತ್ತು ಥರ್ಮಿಸ್ಟರ್ ಐದು ವೋಲ್ಟನ್ನು ತಮ್ಮತಮ್ಮ ರೋಧಕ್ಕೆ ಅನುಗುಣವಾಗಿ ಹಂಚಿಕೊಳ್ಳುತ್ತವೆ. ಮೇಲಿನ ಬಾಷ್ ಸೆನ್ಸರ್ 20 ಡಿಗ್ರಿಯಲ್ಲಿದ್ದಾಗ ಇಸಿಯುಗೆ ಕಾಣುವುದು 2.5 ವೋಲ್ಟ್, 80 ಡಿಗ್ರಿಯಲ್ಲಿ 0.57 ವೋಲ್ಟ್, 100 ಡಿಗ್ರಿಯಲ್ಲಿ 0.35 ವೋಲ್ಟ್.

ಹಾಗಾಗಿ ತಂತ್ರಾಂಶಕ್ಕೆ ಎರಡು ಸಂಗತಿ ತಿಳಿಸಬೇಕು: ಸೆನ್ಸರಿನ ಮೂರು ಉಷ್ಣತೆಗಳಲ್ಲಿನ ರೋಧ ಮತ್ತು ಪುಲ್-ಅಪ್‌ನ ಬೆಲೆ. ಮೂರು ಬಿಂದುಗಳಿಂದ ಇಡೀ ವಕ್ರರೇಖೆಯನ್ನು ಲೆಕ್ಕ ಹಾಕುವುದು ತಂತ್ರಾಂಶದ ಕೆಲಸ. ಪುಲ್-ಅಪ್ 2,490 ಎಂಬಲ್ಲಿ 1,000 ಎಂದು ನಮೂದಿಸಿದರೆ ಏನಾದೀತು? ಎಂಜಿನ್ 20 ಡಿಗ್ರಿಯಲ್ಲಿ ತಣ್ಣಗಿರುವಾಗ ಇಸಿಯು ಅದು ಸುಮಾರು 45 ಡಿಗ್ರಿ ಎಂದು ತಿಳಿಯುತ್ತದೆ. ತಂಪಿನಲ್ಲಿ ಬೇಕಾದ ಹೆಚ್ಚುವರಿ ಪೆಟ್ರೋಲ್ ಸಿಗದೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಅದೇ ಎಂಜಿನ್ 80 ಡಿಗ್ರಿ ತಲುಪಿದಾಗ ಪರದೆ 110 ಡಿಗ್ರಿಗೂ ಮೇಲೆ ತೋರಿಸಿ ಫ್ಯಾನ್ ನಿಲ್ಲದೆ ಓಡುತ್ತದೆ.

ಇದಕ್ಕಿಂತ ಪತ್ತೆಗೆ ಕಷ್ಟವಾದ ಇನ್ನೊಂದು ತಪ್ಪುಂಟು. ವಾಹನದ ಮೂಲ ಇಸಿಯುವನ್ನು ಉಳಿಸಿಕೊಂಡು, ಅದೇ ಸೆನ್ಸರ್ ತಂತಿಗೆ ಎರಡನೆಯ ಇಸಿಯುವನ್ನೂ ಜೋಡಿಸುವುದುಂಟು. ಆಗ ಎರಡು ಪುಲ್-ಅಪ್‌ಗಳು ಸಮಾಂತರವಾಗಿ ಕೂಡಿಕೊಳ್ಳುತ್ತವೆ. ಎರಡೂ 2,490 ಓಮ್ ಆಗಿದ್ದರೆ ನಿಜವಾದ ಬೆಲೆ ಅರ್ಧಕ್ಕಿಳಿಯುತ್ತದೆ. ಸೆನ್ಸರಿನ ರೋಧ ಇಮ್ಮಡಿಯಾಗಿ ಕಾಣುತ್ತದೆ. 80 ಡಿಗ್ರಿಯ ಎಂಜಿನ್ 60 ಡಿಗ್ರಿಗಿಂತ ಕೆಳಗಿರುವಂತೆ ತೋರುತ್ತದೆ. ಇಂಧನ ಸದಾ ಹೆಚ್ಚಾಗಿ ಸುರಿಯುತ್ತದೆ, ಮೈಲೇಜ್ ಕುಸಿಯುತ್ತದೆ. ಕಾರಣ ತಿಳಿಯದೆ ಸೆನ್ಸರನ್ನು ಎಷ್ಟು ಸಲ ಬದಲಿಸಿದರೂ ಫಲವಿಲ್ಲ.

ಗಾಳಿಯ ಒತ್ತಡದ ಸೆನ್ಸರ್

ಎಂಜಿನ್ನಿಗೆ ಹೋಗುವ ಗಾಳಿಯ ಪ್ರಮಾಣವನ್ನು ಅಂದಾಜಿಸಲು ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು ಒಂದು ಪ್ರಮುಖ ವಿಧಾನ. ಈ ಸೆನ್ಸರಿಗೆ ಮ್ಯಾಪ್ ಸೆನ್ಸರ್ ಎಂದು ಹೆಸರು. ಇದರ ನಡವಳಿಕೆ ನೇರ ಗೆರೆಯದು. ಎರಡು ಅಂಕಿ ಕೊಟ್ಟರೆ ಸಾಕು. ಸ್ಪೀಡುಯಿನೋದಲ್ಲಿ ಸಾಮಾನ್ಯವಾಗಿ ಬಳಸುವ ಎಂಪಿಎಕ್ಸ್4250 ಸೆನ್ಸರಿನ ಗೆರೆಯನ್ನು ಎರಡೂ ಬದಿಗೆ ಎಳೆದರೆ 0 ವೋಲ್ಟಿಗೆ 10 ಕಿಲೋಪಾಸ್ಕಲ್, 5 ವೋಲ್ಟಿಗೆ 260 ಕಿಲೋಪಾಸ್ಕಲ್ ದೊರೆಯುತ್ತದೆ. ಪ್ರತಿ ಕಿಲೋಪಾಸ್ಕಲ್‌ಗೆ ಸಂಕೇತ 20 ಮಿಲಿವೋಲ್ಟ್ ಬದಲಾಗುತ್ತದೆ. ಅಂದರೆ ಪರಿವರ್ತಕದ ಸುಮಾರು ನಾಲ್ಕು ಮೆಟ್ಟಿಲು.

ಈ ಸೆನ್ಸರನ್ನು ತಾಳೆ ನೋಡಲು ಯಾವ ಉಪಕರಣವೂ ಬೇಡ. ಇದು ನಿರಪೇಕ್ಷ ಒತ್ತಡ ಅಳೆಯುವುದರಿಂದ, ಎಂಜಿನ್ ನಿಂತಿರುವಾಗ ಊರಿನ ವಾಯುಭಾರವನ್ನೇ ತೋರಿಸಬೇಕು. ಸಮುದ್ರ ಮಟ್ಟದ ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಇನ್ನೂ ಎತ್ತರದ ಮಡಿಕೇರಿಯಲ್ಲಿ 88ರ ಆಸುಪಾಸು. ಮಲ್ಟಿಮೀಟರಿನಲ್ಲಿ ನೋಡಿದರೆ ಮಂಗಳೂರಿನಲ್ಲಿ 1.82 ವೋಲ್ಟ್, ಬೆಂಗಳೂರಿನಲ್ಲಿ 1.62 ವೋಲ್ಟ್ ಸಿಗಬೇಕು. ಬೆಂಗಳೂರಿನ ಗ್ಯಾರೇಜಿನಲ್ಲಿ ಪರದೆ ಅಚ್ಚುಕಟ್ಟಾಗಿ 101 ಎಂದು ತೋರಿಸಿದರೆ ಸಂತೋಷ ಪಡಬೇಕಾಗಿಲ್ಲ. ಪುಸ್ತಕದಲ್ಲಿ ಓದಿದ ಅಂಕಿ ಅದೇ ಆದರೂ ಊರಿಗೆ ಅದು ಹೊಂದದು. ಹತ್ತು ಕಿಲೋಪಾಸ್ಕಲ್‌ನಷ್ಟು ತಪ್ಪು ಎಲ್ಲೋ ಅಡಗಿದೆ ಎಂದೇ ಅರ್ಥ.

ಇದೇ ಎಚ್ಚರ ಉಷ್ಣತೆಯ ಸೆನ್ಸರಿಗೂ ಅನ್ವಯಿಸುತ್ತದೆ. ಅದನ್ನು ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವುದು ಹಳೆಯ ಪದ್ಧತಿ. ವಾಯುಭಾರ ಕಡಿಮೆ ಇರುವ ಬೆಂಗಳೂರಿನಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕರಗುತ್ತಿರುವ ಮಂಜುಗಡ್ಡೆಯ ನೀರು ಮಾತ್ರ ಎಲ್ಲ ಊರಿನಲ್ಲೂ 0 ಡಿಗ್ರಿ.

ಸೆನ್ಸರಿನ ಮಾದರಿಯನ್ನೇ ತಪ್ಪಾಗಿ ಆರಿಸಿದರೆ ಅಂತರ ದೊಡ್ಡದಾಗುತ್ತದೆ. ಎಂಪಿಎಕ್ಸ್4250 ಜೋಡಿಸಿ, ತಂತ್ರಾಂಶದಲ್ಲಿ 115 ಕಿಲೋಪಾಸ್ಕಲ್‌ವರೆಗೆ ಮಾತ್ರ ಅಳೆಯುವ ಎಂಪಿಎಕ್ಸ್4115 ಎಂದು ನಮೂದಿಸಿದರೆ, ಬೆಂಗಳೂರಿನ 91 ಕಿಲೋಪಾಸ್ಕಲ್ ಪರದೆಯಲ್ಲಿ 47 ಆಗುತ್ತದೆ. ಒತ್ತಡವನ್ನೇ ಆಧರಿಸಿ ಇಂಧನ ಲೆಕ್ಕ ಹಾಕುವ ವ್ಯವಸ್ಥೆಯಲ್ಲಿ ಪೆಟ್ರೋಲ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ದೊಡ್ಡ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ ಎಂಬುದೇ ಸಮಾಧಾನ.

ಥ್ರಾಟಲ್ ಸೆನ್ಸರ್

ಇದು ಥ್ರಾಟಲ್ ಬಾಗಿಲಿನ ಕೋನವನ್ನು ತಿಳಿಸುವ ಸೆನ್ಸರ್. ಅನೇಕ ಎಂಜಿನ್‌ಗಳಲ್ಲಿ ಇದು ರೇಡಿಯೋದ ವಾಲ್ಯೂಮ್ ಗುಂಡಿಯೊಳಗಿರುವಂಥದ್ದೇ ಪೊಟೆನ್ಶಿಯೋಮೀಟರ್. ಬಾಗಿಲು ಪೂರ್ತಿ ಮುಚ್ಚಿದಾಗಿನ ಅಂಕಿ, ಪೂರ್ತಿ ತೆರೆದಾಗಿನ ಅಂಕಿ ಇವೆರಡನ್ನೂ ಅದೇ ವಾಹನದಲ್ಲಿ ಅಳೆದು ದಾಖಲಿಸಬೇಕು. ಬೇರೊಂದು ವಾಹನದ ಅಂಕಿ ಇಲ್ಲಿಗೆ ನಡೆಯದು. ಪೂರ್ತಿ ತೆರೆದ ಅಂಕಿ ಪಡೆಯುವಾಗ ಸೆನ್ಸರನ್ನು ಕೈಯಿಂದ ತಿರುಗಿಸದೆ ಪೆಡಲ್ ಒತ್ತಿಯೇ ನೋಡಬೇಕು. ಕೇಬಲ್ ಸಡಿಲವಾಗಿದ್ದರೆ ಆಗ ಅದೂ ಬಯಲಾಗುತ್ತದೆ.

ಮುಚ್ಚಿದ ಅಂಕಿ ತಪ್ಪಿದರೆ ಎಂಜಿನ್ ಐಡಲ್‌ನಲ್ಲಿದೆ ಎಂಬುದೇ ಇಸಿಯುಗೆ ಗೊತ್ತಾಗದು. ತಂತಿಗಳು ಅದಲುಬದಲಾದರೆ ಇನ್ನೂ ವಿಚಿತ್ರ. ಪೆಟ್ರೋಲ್ ತುಂಬಿ ಸ್ಪಾರ್ಕ್ ಪ್ಲಗ್ ನೆನೆದಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿದರೆ ಇಂಧನ ನಿಲ್ಲಿಸುವ ಸೌಲಭ್ಯ ಹಲವು ಇಸಿಯುಗಳಲ್ಲಿದೆ. ತಂತಿ ತಿರುಗುಮುರುಗಾಗಿದ್ದರೆ ಪಾದ ಎತ್ತಿದ್ದಾಗಲೂ ಪೂರ್ತಿ ಒತ್ತಿದಂತೆ ಕಾಣುವುದರಿಂದ ಇಸಿಯು ಇಂಧನವನ್ನೇ ಕೊಡುವುದಿಲ್ಲ. ಪಂಪ್, ಇಂಜೆಕ್ಟರ್, ಸ್ಪಾರ್ಕ್ ಎಲ್ಲ ಸರಿಯಿದ್ದೂ ಎಂಜಿನ್ ಏಳುವುದಿಲ್ಲ.

ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್‌ಗಳಲ್ಲಿ ಪೆಡಲಿಗೂ ಬಾಗಿಲಿಗೂ ಎರಡೆರಡು ಸೆನ್ಸರ್ ಇರುತ್ತವೆ. ಎರಡರ ಸಾಕ್ಷ್ಯ ಹೊಂದದಿದ್ದರೆ ಇಸಿಯು ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ. ವಾಹನ ತಾನಾಗಿ ವೇಗ ಪಡೆಯುವ ಅಪಾಯ ತಡೆಯಲು ಮಾಡಿದ ಏರ್ಪಾಡು ಇದು. ರಗಳೆ ಕಳೆಯಲೆಂದು ಒಂದೇ ಸಂಕೇತವನ್ನು ಎರಡೂ ತಂತಿಗೆ ಜೋಡಿಸುವುದು ಜೀವಕ್ಕೇ ಎರವಾಗುವ ಸಾಹಸ.

ಗಾಳಿ-ಇಂಧನ ಅನುಪಾತ: ಅತ್ಯಂತ ಅಪಾಯದ ಅಂಕಿ

ಸೈಲೆನ್ಸರ್ ಕೊಳವೆಯಲ್ಲಿ ಕೂತು ಹೊಗೆಯ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರಿಗೆ ಪ್ರತ್ಯೇಕ ನಿಯಂತ್ರಕ ಇರುತ್ತದೆ. ಅದು 0ಯಿಂದ 5 ವೋಲ್ಟ್ ಸಂಕೇತ ಹೊರಡಿಸುತ್ತದೆ. ತೊಡಕೆಂದರೆ ಈ ಸಂಕೇತದ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ. ಒಂದು ತಯಾರಿಕೆಯಲ್ಲಿ 0 ವೋಲ್ಟಿಗೆ ಅನುಪಾತ 10, 5 ವೋಲ್ಟಿಗೆ 20, ಇನ್ನೊಂದರಲ್ಲಿ 7.35 ಮತ್ತು 22.39.

ಮೊದಲನೆಯದನ್ನು ಜೋಡಿಸಿ ಎರಡನೆಯದರ ಅಂಕಿ ನಮೂದಿಸಿದರೆ ಆಗುವ ಅನಾಹುತ ಗಮನಿಸಿ. ಎರಡೂವರೆ ವೋಲ್ಟಿನ ಹತ್ತಿರ ಎರಡು ಗೆರೆಗಳೂ ಬಹುತೇಕ ಕೂಡುತ್ತವೆ: ಒಂದು 15, ಇನ್ನೊಂದು 14.87. ಹಾಗಾಗಿ ಐಡಲ್‌ನಲ್ಲಿ, ನಿಧಾನ ಚಾಲನೆಯಲ್ಲಿ ಎಲ್ಲವೂ ಸರಿಯಾಗಿಯೇ ತೋರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ನಿಜವಾದ ಅನುಪಾತ 12.5 ಇದ್ದಾಗ ಪರದೆ 11.1 ಎನ್ನುತ್ತದೆ. ಪೆಟ್ರೋಲ್ ಅತಿಯಾಯಿತೆಂದು ಭಾವಿಸಿ, ಪರದೆಯಲ್ಲಿ 12.5 ಬರುವವರೆಗೆ ಇಂಧನ ಕಡಿಮೆ ಮಾಡಲಾಗುತ್ತದೆ. ಆಗ ಎಂಜಿನ್ನಿನ ಒಳಗಿನ ನಿಜ ಅನುಪಾತ 13.4. ಟರ್ಬೋ ಎಂಜಿನ್ ಪೂರ್ಣ ಹೊರೆಯಲ್ಲಿರುವಾಗ ಇಂತಹ ಲೀನ್ ಮಿಶ್ರಣ ಅಕಾಲ ಸ್ಫೋಟಕ್ಕೆ, ಪಿಸ್ಟನ್ ಕರಗುವುದಕ್ಕೆ ದಾರಿ. ಎಂಜಿನ್ ಬಿಚ್ಚಿದ ದಿನವೂ ಪರದೆಯ ದಾಖಲೆ ಮಾತ್ರ ನಿರ್ದೋಷವಾಗಿಯೇ ಇರುತ್ತದೆ.

ಇನ್ನೊಂದು ಅಂಶ ನಮ್ಮ ಪೆಟ್ರೋಲಿಗೆ ಸಂಬಂಧಿಸಿದ್ದು. ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ಅನುಪಾತ 14.7 ಬೇಕು, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಅದು ಸುಮಾರು 13.5. ಸೆನ್ಸರ್ ಅಳೆಯುವುದು ಅನುಪಾತವನ್ನಲ್ಲ, ಪೂರ್ಣ ದಹನಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಲ್ಯಾಂಡಾ ಬೆಲೆಯನ್ನು. ಆದ್ದರಿಂದ ಪರದೆಯನ್ನು ಲ್ಯಾಂಡಾದಲ್ಲೇ ಇಟ್ಟುಕೊಂಡರೆ ಇಂಧನ ಬದಲಾದರೂ 1 ಎಂಬುದು 1 ಆಗಿಯೇ ಉಳಿಯುತ್ತದೆ.

ಗ್ರೌಂಡ್ ಮತ್ತು ಸೋಸುವಿಕೆ

ವೋಲ್ಟ್ ಎಂಬುದು ಯಾವಾಗಲೂ ಎರಡು ಬಿಂದುಗಳ ನಡುವಣ ವ್ಯತ್ಯಾಸ. ಸೆನ್ಸರಿನ ಗ್ರೌಂಡ್ ತಂತಿಯನ್ನು ಹತ್ತಿರದ ಬೋಲ್ಟಿಗೆ ಬಿಗಿದರೆ ಈ ನಿಯಮ ಮುರಿಯುತ್ತದೆ. ಸ್ಟಾರ್ಟರ್ 150 ಆಂಪಿಯರ್ ಎಳೆಯುವಾಗ ಆ ದಾರಿಯಲ್ಲಿ ಒಂದು ಓಮಿನ ಸಾವಿರದ ಒಂದು ಭಾಗ ರೋಧವಿದ್ದರೂ 0.15 ವೋಲ್ಟ್ ವ್ಯತ್ಯಾಸ ಉಂಟಾಗುತ್ತದೆ. ಮ್ಯಾಪ್ ಸೆನ್ಸರಿನ ಮಟ್ಟಿಗೆ ಅದು ಏಳೂವರೆ ಕಿಲೋಪಾಸ್ಕಲ್. ಎಲ್ಲ ಸೆನ್ಸರ್‌ಗಳ ಗ್ರೌಂಡ್ ತಂತಿಯೂ ಇಸಿಯುವಿನ ಸೆನ್ಸರ್ ಗ್ರೌಂಡ್ ಪಿನ್ನಿಗೇ ಮರಳಬೇಕು. ಇಂಜೆಕ್ಟರ್, ಇಗ್ನಿಷನ್ ಕಾಯಿಲ್‌ಗಳ ಗ್ರೌಂಡಿನೊಂದಿಗೆ ದಾರಿಯಲ್ಲಿ ಬೆರೆಯಬಾರದು.

ಸಂಕೇತದಲ್ಲಿನ ಕಂಪನವನ್ನು ತಂತ್ರಾಂಶದ ಫಿಲ್ಟರ್ ಸೋಸುತ್ತದೆ. ಉಷ್ಣತೆ ನಿಧಾನವಾಗಿ ಬದಲಾಗುವುದರಿಂದ ಅಲ್ಲಿ ಹೆಚ್ಚು ಸೋಸಬಹುದು. ಥ್ರಾಟಲ್‌ಗೆ ಹೆಚ್ಚು ಸೋಸಿದರೆ ಪಾದ ಒತ್ತಿದ ಸುದ್ದಿ ತಡವಾಗಿ ತಲುಪಿ ಎಂಜಿನ್ ಮುಗ್ಗರಿಸುತ್ತದೆ. ಮ್ಯಾನಿಫೋಲ್ಡ್ ಒತ್ತಡ ಎಂಜಿನ್ನಿನ ಉಸಿರಾಟದೊಂದಿಗೇ ಏರಿಳಿಯುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಸಲ ಗಾಳಿ ಸೆಳೆಯುತ್ತದೆ. ಹಾಗಾಗಿ ಯಾವುದೋ ಒಂದು ಕ್ಷಣದ ಅಂಕಿಯ ಬದಲು ಎಂಜಿನ್ ಸುತ್ತಿನ ಸರಾಸರಿ ತೆಗೆದುಕೊಳ್ಳುವ ಆಯ್ಕೆಯನ್ನು ಸ್ಪೀಡುಯಿನೋ ಒದಗಿಸುತ್ತದೆ. ಒಂದೆರಡು ಸಿಲಿಂಡರಿನ ಎಂಜಿನ್‌ಗಳಲ್ಲಿ ಸುತ್ತಿನ ಕನಿಷ್ಠ ಒತ್ತಡ ಬಳಸುವುದುಂಟು.

ಸೆನ್ಸರ್ ಸತ್ತಾಗ

ಥರ್ಮಿಸ್ಟರಿನ ತಂತಿ ತುಂಡಾದರೆ ಪುಲ್-ಅಪ್ ಸಂಕೇತವನ್ನು ಐದು ವೋಲ್ಟಿಗೆ ಎಳೆಯುತ್ತದೆ. ಇಸಿಯುವಿನ ಭಾಷೆಯಲ್ಲಿ ಅದರ ಅರ್ಥ ಕಡು ಚಳಿ. ತಡೆಯುವವರಿಲ್ಲದಿದ್ದರೆ ಅದು ಎಂಜಿನ್ನಿಗೆ ಪೆಟ್ರೋಲ್ ಸುರಿಯುತ್ತದೆ. ಇದನ್ನು ತಪ್ಪಿಸಲು ದೋಷ ಮಿತಿಗಳನ್ನು ಇಡಬೇಕು. ಬಾಷ್ ಸೆನ್ಸರ್ ಮೈನಸ್ 40 ಡಿಗ್ರಿಯಲ್ಲೂ 4.75 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುವುದರಿಂದ 4.9 ವೋಲ್ಟ್ ಮೀರಿದರೆ ತಂತಿ ತುಂಡಾಗಿದೆ ಎಂದೇ ತಿಳಿಯಬಹುದು. ಆಗ ಇಸಿಯು ಆ ಅಂಕಿಯನ್ನು ಬದಿಗಿಟ್ಟು ಪೂರ್ವನಿಶ್ಚಿತ ಬೆಲೆಯೊಂದನ್ನು ಬಳಸಬೇಕು. ಕಾರ್ಖಾನೆಯ ವಾಹನಗಳಲ್ಲಿ ಕೂಲಂಟ್ ಸಂಕೇತ ಮಿತಿಗಿಂತ ಕೆಳಗಿಳಿದರೆ ಪಿ0117, ಮೇಲೇರಿದರೆ ಪಿ0118 ಎಂಬ ದೋಷ ಸಂಖ್ಯೆ ದಾಖಲಾಗಿ ಡ್ಯಾಶ್‌ಬೋರ್ಡಿನ ದೀಪ ಹೊತ್ತಿಕೊಳ್ಳುತ್ತದೆ. ಅವು ಸೆನ್ಸರ್ ಕೆಟ್ಟಿದೆ ಎಂದು ಹೇಳುವುದಿಲ್ಲ. ವೋಲ್ಟ್ ಮಿತಿ ಮೀರಿದೆ ಎಂದಷ್ಟೇ ಹೇಳುತ್ತವೆ. ತಂತಿ, ಕನೆಕ್ಟರ್ ನೋಡದೆ ಸೆನ್ಸರ್ ಬದಲಿಸಲು ಹೊರಟವರಿಗೆ ವಾಹನದ ಮಾಲೀಕರು ಈ ಪ್ರಶ್ನೆ ಕೇಳಬಹುದು.

ಮೊದಲ ಸ್ಟಾರ್ಟಿಗೆ ಮುನ್ನ

ರಾತ್ರಿಯಿಡೀ ನಿಂತ ವಾಹನದಲ್ಲಿ ಬೆಳಿಗ್ಗೆ ಕೀಲಿ ಮಾತ್ರ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಪರದೆ ನೋಡುವುದು ಉತ್ತಮ. ಕೂಲಂಟ್ ಮತ್ತು ಒಳಗಾಳಿಯ ಉಷ್ಣತೆಗಳು ಒಂದಕ್ಕೊಂದು ಹೊಂದಬೇಕು, ಗೋಡೆಯ ಉಷ್ಣಮಾಪಕಕ್ಕೂ ಹತ್ತಿರವಿರಬೇಕು. ಒತ್ತಡ ಊರಿನ ವಾಯುಭಾರಕ್ಕೆ ಸಮನಾಗಿರಬೇಕು. ಪೆಡಲ್ ಒತ್ತಿದಾಗ ಥ್ರಾಟಲ್ 0ಯಿಂದ 100ಕ್ಕೆ ಎಲ್ಲೂ ಜಿಗಿಯದೆ ಏರಬೇಕು. ವೈಡ್‌ಬ್ಯಾಂಡ್ ನಿಯಂತ್ರಕದ ಸ್ವಂತ ಪರದೆಯ ಅಂಕಿಗೂ ಇಸಿಯು ತೋರಿಸುವ ಅಂಕಿಗೂ ಒಂದಕ್ಕಿಂತ ಹೆಚ್ಚು ಬಿಂದುಗಳಲ್ಲಿ ತಾಳೆ ಬೀಳಬೇಕು. ಇಷ್ಟಕ್ಕೆ ಹಿಡಿಯುವುದು ಅರ್ಧ ಗಂಟೆ.

ರಸ್ತೆಯಲ್ಲಿ ಓಡುವ ವಾಹನಗಳ ವಿಷಯದಲ್ಲಿ ಕಾನೂನೂ ಮಧ್ಯೆ ಬರುತ್ತದೆ. ತಯಾರಕರು ನಿಗದಿಪಡಿಸಿದ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧ ಹೇರಿದೆ. ಹೊರಸೂಸುವಿಕೆಯ ಮಿತಿಗಳು ಅದಕ್ಕೆ ಹೊರತಾಗಿ ಇದ್ದೇ ಇವೆ. ಇಂತಹ ಪ್ರಯೋಗಗಳಿಗೆ ರೇಸ್ ಟ್ರ್ಯಾಕ್ ಮತ್ತು ಪ್ರಯೋಗಶಾಲೆಗಳೇ ಸೂಕ್ತ ಸ್ಥಳ.

ಇಸಿಯು ಎಷ್ಟೇ ದುಬಾರಿಯದಾಗಿರಲಿ, ತನಗೆ ಹೇಳಿಕೊಟ್ಟ ಅರ್ಥವನ್ನು ಮೀರಿ ಅದು ಯೋಚಿಸಲಾರದು. ಒಂದು ಮಲ್ಟಿಮೀಟರ್, ಒಂದು ಉಷ್ಣಮಾಪಕ, ಮಂಜುಗಡ್ಡೆಯ ಲೋಟ ಮತ್ತು ತನ್ನ ಊರು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬ ತಿಳಿವಳಿಕೆ ಇದ್ದವರಿಗೆ ಆ ಅರ್ಥವನ್ನು ಸರಿಯಾಗಿ ಬರೆಯುವುದು ಕಷ್ಟವಲ್ಲ.